ಮಾತಿಲ್ಲದ ಪುಟದ ಸರದಿ

ಜುಲೈ 9, ಮಂಗಳವಾರ

"ಒಂಬತ್ತನೇ ಕ್ಲಾಸಿನವರಿಗೂ ಚಿತ್ರದ ಪುಸ್ತಕನಾ ಮೇಡಂ?" ಎಂದು ಗಣಿತದ ಮೇಷ್ಟ್ರು ಬೆಳಿಗ್ಗೆ ಕೇಳಿದ್ದು ಮಧ್ಯಾಹ್ನದವರೆಗೂ ತಲೆ ಕೊರೆಯುತ್ತಿತ್ತು. ಈಗ ಇಲ್ಲ.

ಆ ಚಿತ್ರಕಾದಂಬರಿಯನ್ನು ಒಬ್ಬೊಬ್ಬರಿಗೆ ಒಂದೊಂದು ಪುಟದಂತೆ ಗಟ್ಟಿಯಾಗಿ ಓದಿಸುತ್ತಿದ್ದೇನೆ. ಇವತ್ತು ಕಿಟಕಿ ಪಕ್ಕ ಕೂರುವ ಹುಡುಗಿಯ ಸರದಿಗೆ ಬಂದದ್ದು ಒಂದೂ ಮಾತಿಲ್ಲದ ಪುಟ. ಅಮ್ಮನ ಜೊತೆ ಜಗಳವಾಡಿದ ಕಥೆಯ ಹುಡುಗಿ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಾಳೆ, ಅಷ್ಟೇ. ನಮ್ಮ ಕಿಟಕಿ ಪಕ್ಕದವಳು ಹಾಜರಿಗೂ ಬರೀ ಕೈ ಎತ್ತುವವಳು. ಸದ್ಯ, ಬಚಾವಾದಳು ಅಂದುಕೊಂಡೆ.

"ಇದ್ರಲ್ಲಿ ಓದೋಕೆ ಏನಿಲ್ಲ. ಮುಂದಿನವರು ಓದಿ," ಎಂದೆ.

ಅವಳು ತಲೆ ಎತ್ತಲಿಲ್ಲ. "ಇನ್ನೂ ಓದ್ತಾ ಇದೀನಿ ಮಿಸ್."

ಯಾರಾದರೂ ಕಿಸಕ್ಕನೆ ನಗುತ್ತಾರೆಂದು ಕಾದೆ. ಆ ಕೋತಿಗಳ ಹಿಂಡು ತುಟಿಪಿಟಕ್ಕೆನ್ನಲಿಲ್ಲ. ಅವಳ ಬೆರಳು ಚಿತ್ರದ ಒಂದು ಚೌಕದಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಯಿತು. ಪಕ್ಕದವಳೂ ಬೆರಳಿಟ್ಟಳು, ಹಿಂದಿನ ಬೆಂಚಿನವನೂ. ಅವಳು ಪುಟ ತಿರುವಿದ ಮೇಲೇ ಇಡೀ ತರಗತಿ ಪುಟ ತಿರುವಿತು. ಮೇಜು ಬಡಿದು ಬಡಿದು ಕೈ ನೋಯಿಸಿಕೊಂಡರೂ ಅಂಥ ಮೌನ ನನಗೆ ಎಂದೂ ಸಿಕ್ಕಿರಲಿಲ್ಲ.

ಊಟವಾದ ಮೇಲೆ ಅದೇ ಪುಟ ತೆರೆದು ಕೂತೆ. ಪಾಠಕ್ಕೆಂದು ನಾನು ಮೂರು ಸಲ ಓದಿದ ಪುಸ್ತಕ. ಅವಳ ಹಾಗೆಯೇ ಬೆರಳಿಟ್ಟುಕೊಂಡು ಹೋದೆ. ಕೊನೆಯ ಚೌಕದಲ್ಲಿ, ಬಾಗಿಲ ಕೆಳಗಿನ ಬೆಳಕಿನ ಗೆರೆಯಲ್ಲಿ, ಎರಡು ಪಾದಗಳ ನೆರಳು.

ಒಳಗೆ ಅಮ್ಮನೂ ಬಾಗಿಲಿಗೆ ಮುಖ ಮಾಡಿ ನಿಂತಿದ್ದಾಳೆ.