ಹನ್ನೊಂದು ಕೊಕ್ಕರೆ

ಮಂಗಳವಾರ, ಸಂಜೆ ಐದು ಗಂಟೆ
ಶಾಲೆಯ ಪ್ರಯೋಗಾಲಯ

ಚಿನಕುರಳಿಗೆ,

ಆಶೀರ್ವಾದ ಎಂದು ಬರೆಯಲು ಹೊರಟೆ, ಕೈ ತಡೆಯಿತು. ಶನಿವಾರ ನಿನ್ನ ಪಾರ್ಲರಿಗೆ ನುಗ್ಗಿ ಕಿರುಚಾಡಿ ಬಂದವಳು ಮಂಗಳವಾರ ಆಶೀರ್ವಾದ ಮಾಡಿದರೆ ನೀನು ನಗುತ್ತೀಯ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಪೂರ್ತಿ ಓದಿದ ಮೇಲೂ ಬೇಕೆನಿಸಿದರೆ ತೆಗೆದುಕೋ.

ಎರಡು ಬೀದಿ ಆಚೆ ಇರುವ ತಂಗಿಗೆ ಕಾಗದ ಬರೆಯುವುದೇನು ಎಂದು ಕೇಳಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಎದುರಿಗೆ ಬಂದರೆ ನೀನು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಲೆಗೆ ಕೈ ಹಾಕುತ್ತೀಯ, ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಗುತ್ತದೆ. ಅದಕ್ಕೇ ಇಲ್ಲಿ, ತೊಳೆದು ಬೋರಲು ಹಾಕಿದ ಪ್ರನಾಳಗಳ ಪಕ್ಕ ಕೂತು ಬರೆಯುತ್ತಿದ್ದೇನೆ.

ಮೊದಲು ಶನಿವಾರದ್ದು ಮುಗಿಸಿಬಿಡುತ್ತೇನೆ. ನಾನು ಒಳಗೆ ಬಂದಾಗ ಟೈಲರಮ್ಮ ತಲೆತುಂಬ ಬಣ್ಣ ಮೆತ್ತಿಸಿಕೊಂಡು ಕೂತಿದ್ದರು. ನನ್ನ ಮಗಳು ಮೂಲೆಯ ಸ್ಟೂಲಿನ ಮೇಲೆ ಕಾಲು ಮಡಚಿಕೊಂಡು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಸಮೀಕರಣ ಬರೆಯುತ್ತಿದ್ದಳು. ನೀನು ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಇಬ್ಬರೂ ನಗುತ್ತಿದ್ದಿರಿ. ರಸಾಯನಶಾಸ್ತ್ರ ಮಾಡುತ್ತ ನಗುವವರನ್ನು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ನೋಡಿರಲಿಲ್ಲ. ಆ ಹಾಳೆ ಕಿತ್ತುಕೊಂಡು ಹರಿದೆ. ಹತ್ತನೇ ಕ್ಲಾಸು ಫೇಲಾದವಳು ನನ್ನ ಮಗಳಿಗೆ ಪಾಠ ಹೇಳೋದು ಬೇಡ ಎಂದೆ, ಇನ್ನು ಮೇಲೆ ಅವಳು ಇಲ್ಲಿಗೆ ಬರೋದೂ ಇಲ್ಲ ಎಂದೆ. ಟೈಲರಮ್ಮ ಹಣೆಗೆ ಬಣ್ಣ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಬಾಯಿ ಬಿಟ್ಟು ನೋಡುತ್ತಿದ್ದರು. ನೀನು ಬಗ್ಗಿ ಹರಿದ ಚೂರುಗಳನ್ನು ಆರಿಸಿಕೊಂಡೆ. ತಿರುಗಿ ಬೈದಿದ್ದರೆ ನನಗೆ ಈ ಕಾಗದದ ಕಷ್ಟ ಇರುತ್ತಿರಲಿಲ್ಲ.

ಅದು ಸಿಟ್ಟು ಎಂದು ನೀನು ತಿಳಿದಿರಬಹುದು. ಅಲ್ಲ, ಹೊಟ್ಟೆಕಿಚ್ಚು. ಆ ಪದದ ಕೆಳಗೆ ಗೆರೆ ಎಳೆದಿದ್ದೇನೆ, ನೋಡಿಕೋ.

ಶುಕ್ರವಾರ ಒಂಬತ್ತನೇ ತರಗತಿಯ ಕಿರುಪರೀಕ್ಷೆಯ ಹಾಳೆ ತಿದ್ದುತ್ತಿದ್ದೆ. ಸರಿದೂಗಿಸಲು ಹತ್ತು ಸಮೀಕರಣ ಕೊಟ್ಟಿದ್ದೆ. ಮಗಳ ಹಾಳೆಯನ್ನು ಯಾವಾಗಲೂ ಕೊನೆಗೆ ಇಡುತ್ತೇನೆ, ಏಕೆಂದರೆ ಅದನ್ನು ತಿದ್ದಿದ ಮೇಲೆ ಬೇರೆ ಯಾರ ಹಾಳೆಗೂ ನನ್ನಲ್ಲಿ ತಾಳ್ಮೆ ಉಳಿಯುವುದಿಲ್ಲ. ಬಾಣದ ಗುರುತಿನ ಎಡಕ್ಕೆ ಎಷ್ಟು ಪರಮಾಣು ಇದೆಯೋ ಬಲಕ್ಕೂ ಅಷ್ಟೇ ಇರಬೇಕು ಎಂಬುದು ಅವಳಿಗೆ ಗೊತ್ತು. ಆದರೆ ಲೆಕ್ಕ ಕೂಡಿಸಲು ಅವಳು ಸೂತ್ರದ ಮುಂದೆ ಅಂಕಿ ಹಾಕುವುದು ಬಿಟ್ಟು ಕಾಲಡಿಯ ಸಣ್ಣ ಅಂಕಿಗೆ ಕೈ ಹಾಕುತ್ತಿದ್ದಳು. ಜಲಜನಕ, ಆಮ್ಲಜನಕ ಸೇರಿದರೆ ನೀರು ಎಂದು ಬರೆ ಅಂದರೆ H₂ + O₂ → H₂O₂ ಎಂದು ಬರೆದು, ಎರಡೂ ಕಡೆ ಎರಡೆರಡು, ಸರಿಯಾಯ್ತಲ್ಲ ಎಂದು ನನ್ನ ಮುಖ ನೋಡುತ್ತಿದ್ದಳು. ವರ್ಷವಿಡೀ ಹೇಳಿದೆ, ಗದರಿಸಿದೆ, ಒಂದೇ ಸಮೀಕರಣವನ್ನು ನೂರು ಸಲ ಬರೆಸಿದೆ. ಕೆಳಗಿನ ಅಂಕಿ ಮುಟ್ಟಬಾರದು ಎಂಬ ಒಂದು ಮಾತು ಅವಳ ತಲೆಗೆ ಹತ್ತಲಿಲ್ಲ.

ಶುಕ್ರವಾರದ ಹಾಳೆಯಲ್ಲಿ ಹತ್ತಕ್ಕೆ ಹತ್ತು ಸರಿಯಿದ್ದವು. 2H₂ + O₂ → 2H₂O. ಮುಂದಿನ ಅಂಕಿಗಳು ದುಂಡಗೆ, ಧೈರ್ಯವಾಗಿ ಕೂತಿದ್ದವು. ತಾಯಿಯಾದವಳಿಗೆ ಸಂತೋಷವಾಗಬೇಕಿತ್ತು. ನನಗೆ ಮೊದಲು ಬಂದ ಯೋಚನೆ, ಇದನ್ನು ಹೇಳಿಕೊಟ್ಟವರು ಯಾರು ಎಂಬುದು. ಮನೆಗೆ ಹೋಗಿ ಕೇಳಿದೆ. ಅವಳು ಪುಸ್ತಕದಿಂದ ಕಣ್ಣೆತ್ತದೆ, ಚಿಕ್ಕಮ್ಮ ಹೇಳಿಕೊಟ್ರು ಮಿಸ್, ಎಂದಳು.

ಮನೆಯಲ್ಲೂ ಮಿಸ್. ತಪ್ಪು ನನ್ನದೇ. ಅವಳು ನನ್ನ ತರಗತಿಗೆ ಬಂದ ಮೊದಲ ದಿನವೇ, ಶಾಲೆಯಲ್ಲಿ ಅಮ್ಮ ಎಂದು ಕರೆಯಬೇಡ, ಉಳಿದ ಮಕ್ಕಳ ಹಾಗೆ ಮಿಸ್ ಅನ್ನು, ನೀವು ಅನ್ನು ಎಂದು ಕಟ್ಟುನಿಟ್ಟು ಮಾಡಿದ್ದೆ. ಅವಳು ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಮನೆಗೆ ಬಂದ ಮೇಲೂ ಬಿಡಲಿಲ್ಲ. ಈ ಒಂಬತ್ತು ತಿಂಗಳಲ್ಲಿ ನಾನು ಹೇಳಿಕೊಟ್ಟದ್ದರಲ್ಲಿ ಅವಳು ತಪ್ಪಿಲ್ಲದೆ ಒಪ್ಪಿಸಿದ್ದು ಅದೊಂದೇ ಪಾಠ.

ನೀನು ಹೇಗೆ ಹೇಳಿಕೊಟ್ಟೆ ಎಂಬುದನ್ನೂ ಬಾಯಿ ಬಿಡಿಸಿದೆ. ಒಂದು ಲೋಟ ನೀರು ತಂದು ಮುಂದಿಟ್ಟೆಯಂತೆ. ಪಕ್ಕದಲ್ಲಿ ನೀನು ಬಣ್ಣಕ್ಕೆ ಬೆರೆಸುವ ಪೆರಾಕ್ಸೈಡಿನ ಕಪ್ಪು ಬಾಟಲಿ. ಇದು H₂O, ಇದರ ಕಾಲಡಿಗೆ ಇನ್ನೊಂದು ಎರಡು ಸೇರಿಸಿದ್ರೆ ಈ ಬಾಟಲಿ, ಕೂದಲಿನ ಬಣ್ಣ ಕಿತ್ಕೊಂಡು ಹೋಗುತ್ತೆ, ಚರ್ಮ ಉರಿಯುತ್ತೆ, ಬಾಯಾರಿಕೆಯಾದ್ರೆ ಯಾವುದು ಕುಡೀತೀಯ ಎಂದು ಕೇಳಿದೆಯಂತೆ. ಆಮೇಲೆ ಎರಡನೇ ಲೋಟ ನೀರು ತಂದಿಟ್ಟು, ಜಾಸ್ತಿ ಬೇಕಾದ್ರೆ ಇನ್ನೊಂದು ಲೋಟ ಇಡು, ನೀರನ್ನ ಯಾಕೆ ಬದಲಾಯಿಸ್ತೀಯ ಎಂದೆಯಂತೆ. ಮುಂದಿನ ಅಂಕಿ ಎಷ್ಟು ಅಂತ ಹೇಳುತ್ತೆ, ಕಾಲಡಿಯ ಅಂಕಿ ಯಾರು ಅಂತ ಹೇಳುತ್ತೆ. ಈ ಮಾತು ನಿನ್ನದಂತೆ. ನಿನ್ನೆ ಅದನ್ನು ಒಂಬತ್ತನೇ ಬಿ ವಿಭಾಗದಲ್ಲಿ ಹೇಳಿದೆ. ಹಿಂದಿನ ಬೆಂಚಿನವರೂ ತಲೆಯಾಡಿಸಿದರು. ನಿನ್ನ ಹೆಸರು ಹೇಳಲಿಲ್ಲ.

ನಿನ್ನ ಭಾವನಿಗೆ ಹೇಳಿಕೊಂಡೆ. ತಲೆಗೆ ಹತ್ತಿದ್ರೆ ಸಾಕಲ್ಲ, ಹತ್ತಿಸಿದವರು ಯಾರಾದ್ರೇನು ಎಂದು ಪೇಪರ್ ಮಡಚಿಟ್ಟು ಎದ್ದುಹೋದರು. ಅವರಿಗೇನು ಗೊತ್ತು. ಸಂಜೆ ನಿನ್ನ ಹತ್ತಿರದಿಂದ ಬಂದವಳ ಕೂದಲಲ್ಲಿ ನಿನ್ನ ಶಾಂಪೂ ವಾಸನೆ. ಜಡೆ ನೀನು ಹಾಕಿದ ಜಡೆ. ನಿನ್ನ ಹಾಗೇ ಮಾತಿನ ಮಧ್ಯೆ ಭುಜ ಹಾರಿಸುವುದು ಬೇರೆ ಕಲಿತಿದ್ದಾಳೆ. ಅಪ್ಪ ನಿನ್ನವರು, ಬೀದಿಯವರೆಲ್ಲ ನಿನ್ನವರು, ಉಳಿದವಳು ಒಬ್ಬಳು ಮಗಳು, ಅವಳೂ ನಿನ್ನವಳಾದಳು ಎಂದು ಶುಕ್ರವಾರ ರಾತ್ರಿಯೆಲ್ಲ ಉರಿದುಕೊಂಡು, ಶನಿವಾರ ನಿನ್ನ ಬಾಗಿಲಿಗೆ ಬಂದೆ.

ಫೇಲಾದವಳು ಎಂದು ಅಂದೆನಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ನಾನು ಎಷ್ಟು ಹೇಳಿಕೊಟ್ಟರೂ ನಿನಗೆ ಹತ್ತಲಿಲ್ಲ ಎಂದು ಇಷ್ಟು ವರ್ಷ ಎಲ್ಲರ ಮುಂದೆಯೂ ಹೇಳಿಕೊಂಡು ಬಂದಿದ್ದೇನೆ. ಅಪ್ಪನಿಗೂ ಅದನ್ನೇ ಹೇಳಿದ್ದೆ.

ಭಾನುವಾರ ಮಗಳು ಗಂಟುಮುಖ ಹಾಕಿಕೊಂಡು ಕೋಣೆಯಲ್ಲೇ ಇದ್ದಳು. ಮಧ್ಯಾಹ್ನ ಊಟವಾದ ಮೇಲೆ ಬಂದು ಒಂದು ಹಳೆಯ ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟಳು. ನೀಲಿ ರಟ್ಟು, ಮೂಲೆಯಲ್ಲಿ ನೀನು ಅಂಟಿಸಿದ್ದ ಚಿಟ್ಟೆಯ ಚಿತ್ರ. ನಿನ್ನ ಹತ್ತನೇ ತರಗತಿಯದು. ನಾನೂ ನಿನ್ನ ಹಾಗೇ ತಪ್ಪು ಮಾಡ್ತಿದ್ದೆ, ನೋಡು ಅಂತ ಚಿಕ್ಕಮ್ಮ ಕೊಟ್ಟಿದ್ರು ಎಂದು, ಒಂದು ಪುಟ ತೆಗೆದು ತೋರಿಸಿದಳು. ಹನ್ನೊಂದು ಸಮೀಕರಣ. ಹನ್ನೊಂದರಲ್ಲೂ ಕಾಲಡಿಯ ಅಂಕಿ ಬದಲಾಗಿತ್ತು. MgO₂, NaCl₂. ಜಗತ್ತಿನ ಯಾವ ಅಡುಗೆಮನೆಯಲ್ಲೂ ಇಲ್ಲದ ಉಪ್ಪು. ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಶಾಯಿಯ ಸರಿ ಗುರುತು, ಉದ್ದ ಬಾಲ, ತುದಿಯಲ್ಲಿ ಸಣ್ಣ ಕೊಕ್ಕು.

ನನ್ನ ಸರಿ ಗುರುತಿಗೆ ಮಕ್ಕಳು ಕೊಕ್ಕರೆ ಎಂದು ಹೆಸರಿಟ್ಟಿದ್ದಾರೆ. ಹಾಳೆ ಕೈಗೆ ಬಂದ ಕೂಡಲೇ, ನಂಗೆ ಆರು ಕೊಕ್ಕರೆ, ನಿಂಗೆಷ್ಟು ಎಂದು ಎಣಿಸಿಕೊಳ್ಳುತ್ತಾರೆ. ಇಡೀ ಶಾಲೆಯಲ್ಲಿ ಹಾಗೆ ಬರೆಯುವವಳು ನಾನೊಬ್ಬಳೇ. ಮಗಳು ಬೆರಳಿಟ್ಟು, ಇದಕ್ಕೆ ಕೊಕ್ಕರೆ ಹಾಕಿದ್ದು ನೀವಾ ಮಿಸ್ ಎಂದು ಕೇಳಿದಳು. ನಾನು ನೋಟ್‌ಬುಕ್ ಮುಚ್ಚಿದೆ.

ಆಮೇಲೆ ಅವಳೇ ಹೇಳಿದಳು. ಅವಳು ಗುರುತು ಹಿಡಿದು ಕೇಳಿದಾಗ ನೀನು ನಕ್ಕು, ಆಗ ನಿಮ್ಮಮ್ಮನೂ ಚಿಕ್ಕವಳೇ, ಅವಳಿಗೂ ಗೊತ್ತಿರಲಿಲ್ಲ ಕಣೇ, ಇಬ್ರೂ ಸೇರಿ ತಪ್ಪು ಕಲಿತ್ವಿ ಎಂದೆಯಂತೆ. ಅಷ್ಟು ಹೇಳಿ ಅವಳು ನನ್ನ ಪಕ್ಕ ಬಂದು ಕೂತಳು. ನನ್ನ ತೋಳಿಗೆ ತಲೆ ಒರಗಿಸಿ, ಹಂಗಾದ್ರೆ ನೀನೂ ನನ್ನ ಥರಾನೇ ತಪ್ಪು ಮಾಡ್ತಿದ್ದೆಯಾ ಅಮ್ಮಾ ಎಂದಳು.

ಅಮ್ಮಾ ಎಂದಳು ಕಣೇ. ನೀನು ಎಂದಳು. ಒಂಬತ್ತು ತಿಂಗಳ ಮೇಲೆ.

ನಾನು ಹೂಂ ಎಂದೆ.

ಈಗ ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತೇನೆ. ನಿಮ್ಮ ವಿಜ್ಞಾನದ ಮೇಷ್ಟ್ರು ಕಾಲು ಮುರಿದುಕೊಂಡು ಆ ವರ್ಷವೆಲ್ಲ ರಜೆಯಲ್ಲಿದ್ದರು. ದಿನಾ ಸಂಜೆ ಚಿಕ್ಕವಳ ನೋಟ್‌ಬುಕ್ ನೋಡು ಎಂದು ಅಪ್ಪ ನನಗೆ ಹೇಳಿದ್ದರು. ಆ ಪುಟ ತೆಗೆದ ದಿನ ನಾನು ತಿದ್ದಲು ಪೆನ್ನು ಎತ್ತಿದ್ದೆ, ಸತ್ಯವಾಗಿಯೂ ಎತ್ತಿದ್ದೆ. ಹೊರಗಿನ ಕೋಣೆಯಲ್ಲಿ ಅಪ್ಪ ಯಾರಿಗೋ ಹೇಳುತ್ತಿದ್ದರು: ದೊಡ್ಡೋಳು ಬಾಯಿಪಾಠದೋಳು, ತಲೆ ಇರೋದು ನಮ್ಮ ಚಿನಕುರಳಿಗೆ, ನೋಡ್ತಾ ಇರಿ, ಅಕ್ಕನ್ನ ಮೀರಿಸ್ತಾಳೆ. ಪೆನ್ನು ಕೆಳಗೆ ಬಂತು, ಕೊಕ್ಕರೆ ಬರೆಯಿತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಇನ್ನೊಂದು ಪುಟ. ಪರೀಕ್ಷೆಯವರೆಗೂ ಆ ನಾಳೆ ಬರಲಿಲ್ಲ. ಸಮೀಕರಣದ ಪ್ರಶ್ನೆಗೆ ಹತ್ತು ಅಂಕ ಇತ್ತು, ನಿನಗೆ ಸೊನ್ನೆ ಬಂತು, ನಾಲ್ಕು ಅಂಕಕ್ಕೆ ನೀನು ಫೇಲಾದೆ.

ನನಗೆ ಗೊತ್ತಿರಲಿಲ್ಲ ಎಂದು ನೀನು ನನ್ನ ಮಗಳಿಗೆ ಹೇಳಿದೆ. ಅದರ ಎರಡು ವರ್ಷ ಹಿಂದೆ ಅದೇ ವಿಷಯದಲ್ಲಿ ನನಗೆ ತೊಂಬತ್ತಾರು ಬಂದಿತ್ತು. ನನ್ನ ಅಂಕಪಟ್ಟಿ ಹಿಡಿದುಕೊಂಡು ಓಡಿ, ನಮ್ಮಕ್ಕಂದು ನಮ್ಮಕ್ಕಂದು ಎಂದು ಬೀದಿಗೆಲ್ಲ ತೋರಿಸಿ ಬಂದವಳು ನೀನೇ. ನೀನು ಅದನ್ನು ಮರೆತಿರಲಾರೆ. ಪಾರ್ಲರಿನ ಕೆಲಸಕ್ಕೆ ಸೇರಿದ ಮೊದಲ ವಾರ, ನೀರು ಎಂದು ಪರೀಕ್ಷೆಯಲ್ಲಿ ಬರೆದ H₂O₂ ಅನ್ನು ಪೆರಾಕ್ಸೈಡಿನ ಬಾಟಲಿಯ ಮೇಲೆ ನೋಡಿದಾಗಲೇ ನಿನಗೆ ಎಲ್ಲ ತಿಳಿದಿರಬೇಕು. ತಿಳಿದೂ ನನ್ನ ಕೂದಲಿಗೆ ಎಣ್ಣೆ ಹಚ್ಚಿದೆ, ನನ್ನ ಮಗಳನ್ನು ಎತ್ತಿ ಆಡಿಸಿದೆ, ಈಗ ಅವಳ ಮುಂದೆ ನನ್ನ ಮಾನ ಉಳಿಸಿದೆ. ನಿನ್ನ ಆ ದೊಡ್ಡತನಕ್ಕೂ ನನಗೆ ಹೊಟ್ಟೆಕಿಚ್ಚೇ. ಅದೂ ಅಪ್ಪನ ಪ್ರೀತಿಯ ಹಾಗೆ ನಿನ್ನ ಪಾಲಿಗೇ ಹೋಯಿತಲ್ಲ ಎಂದು.

ಕ್ಷಮಿಸು ಎಂದು ಬರೆಯಲು ನನಗೆ ಮುಖವಿಲ್ಲ, ಆದರೂ ಬರೆಯುತ್ತಿದ್ದೇನೆ. ಕ್ಷಮಿಸು.

ಬರುವ ಸೋಮವಾರ ಅವಳ ವಾರ್ಷಿಕ ಪರೀಕ್ಷೆ. ಇಂದಿನಿಂದ ಅವಳು ಮತ್ತೆ ನಿನ್ನ ಹತ್ತಿರ ಬರುತ್ತಾಳೆ. ಆಮ್ಲ, ಪ್ರತ್ಯಾಮ್ಲದ ಸಮೀಕರಣಗಳಲ್ಲಿ ಇನ್ನೂ ತಡವರಿಸುತ್ತಾಳೆ, ನಿನ್ನ ಬಾಟಲಿಗಳಲ್ಲಿ ಅದಕ್ಕೂ ಏನಾದರೂ ಇದ್ದರೆ ನೋಡು. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಜಡೆ ಹಾಕಬೇಡ. ಸಮೀಕರಣ ನೀನು ಇಟ್ಟುಕೋ, ಜಡೆ ನನಗೆ ಬಿಡು. ಟೈಲರಮ್ಮನಿಗೆ ನಾನೇ ಹೋಗಿ ಹೇಳುತ್ತೇನೆ, ಶನಿವಾರ ನಾನು ಆಡಿದ್ದು ಸುಳ್ಳು ಎಂದು.

ಆಶೀರ್ವಾದ ಇಲ್ಲಿದೆ.

ನಿನ್ನ ಅಕ್ಕ

ವಿ.ಸೂ.: ಈ ಕಾಗದವನ್ನು ಮಗಳ ಕೈಯಲ್ಲೇ ಕಳಿಸುತ್ತಿದ್ದೇನೆ. ಹೊರಗೆ ಬೆಂಚಿನ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಾಳೆ. ನಿನಗೆ ಗೊತ್ತಲ್ಲ, ಔಷಧಿ ಡಬ್ಬಿಯೊಳಗಿನ ಚೀಟಿಯಿಂದ ಹಿಡಿದು ಪೊಟ್ಟಣ ಕಟ್ಟಿದ ಪೇಪರಿನವರೆಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಅವಳಿಗೆ. ಲಕೋಟೆಗೆ ನಾನು ಅಂಟು ಹಾಕಿಲ್ಲ, ಓದಬೇಡ ಎಂದೂ ಹೇಳುವುದಿಲ್ಲ. ಭಾನುವಾರದ ಆ ಹೂಂ ಅನ್ನು ಬಾಯಿಬಿಟ್ಟು ಹಿಂದಕ್ಕೆ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ನಿನ್ನ ಕೈಗೆ ಇದನ್ನು ಕೊಡುವಾಗ ಅವಳು ಏನೆಂದಳು ಎಂದು ಕಿವಿಗೊಟ್ಟು ಕೇಳಿ ನನಗೆ ತಿಳಿಸು: ಅಮ್ಮ ಕೊಟ್ಟಳು ಎಂದಳೋ, ಮಿಸ್ ಕೊಟ್ಟರು ಎಂದಳೋ.