ಓರೆಯಾಗಿ ಕೂತ ಇಂಜಿನ್

ಮಂಗಳವಾರ, ಹನ್ನೆರಡನೇ ತಾರೀಖು

ಮಾವನ ಲಾರಿಯ ಇಂಜಿನ್ ಇವತ್ತು ದೋಣಿಯಲ್ಲಿ ಜಾಮ್ ಆಯಿತು. ಲಾರಿಯಲ್ಲಿ ಅದು ಮಟ್ಟಸವಾಗಿ ಕೂತಿತ್ತು. ದೋಣಿಯಲ್ಲಿ ಪ್ರೊಪೆಲ್ಲರ್ ಶಾಫ್ಟಿಗೆ ಹೊಂದಿಸಲು ನಾನು ಹಿಂದಕ್ಕೆ ಓರೆ ಮಾಡಿ ಕೂರಿಸಿದ್ದೆ. ಆಯಿಲ್ ಎಲ್ಲ ಹಿಂದೆ ಸರಿದು, ಮುಂದಿನ ಪಂಪಿಗೆ ಸಿಗಲೇ ಇಲ್ಲ. ಹಿಂಬದಿಯ ಅಳತೆಕಡ್ಡಿ ಆಯಿಲ್ ತುಂಬಿದೆ ಅಂದಿತು, ನಂಬಿದೆ.

"ಹಳೇ ಇಂಜಿನ್ ಕಣೋ, ಅದರ ಹಣೆಬರಹ," ಅಂದರು ಮಾವ.

"ಅಲ್ಲ ಮಾವ, ಕೆಡಿಸಿದ್ದು ನಾನೇ."

"ಶಾಲೆ ಬಿಟ್ಟವನಿಗೆ ಲಾರಿ ಬಿಚ್ಚೋಕೆ ಕೊಟ್ರಲ್ಲ, ಮಂಗನ ಕೈಗೆ ಮಾಣಿಕ್ಯ!" ಅಂದರು ಅತ್ತೆ.

ಮಾವ ಬೈಯಲಿಲ್ಲ. ಈಗ ಅವರಿಗೆ ಅತ್ತ ಲಾರಿಯಿಲ್ಲ, ಇತ್ತ ದೋಣಿಯಿಲ್ಲ. ಆದರೂ ಗುಜರಿಗೆ ಹೋದ ಆ ಲಾರಿಯ ಕೀಲಿಕೈ ಇನ್ನೂ ಅವರ ಸೊಂಟದಲ್ಲಿದೆ. ಊಟಕ್ಕೆ ಕೂತಾಗ ಅದನ್ನೇ ಸವರುತ್ತಿದ್ದರು. ಒಂದು ಮಾತು ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.