ಏನೂ ತೊಂದರೆ ಇಲ್ಲ ಸಾರ್

ಜಯಕ್ಕಾ,

ಶ್ರೀರಂಗಪಟ್ಟಣದ ತರಬೇತಿಯಲ್ಲಿ ನೀನು ಸಾಹೇಬರ ಪಾತ್ರ ಹಾಕಿ ಕುರ್ಚಿ ಮೇಲೆ ಕುಳಿತದ್ದು ನೆನಪಿದೆಯಾ? ಹೆರಿಗೆ ಮಾಡಿಸುವ ನರ್ಸುಗಳು ತಮ್ಮ ಬೇಡಿಕೆಯನ್ನು ಮೇಲಿನವರ ಮುಂದೆ ಹೇಗೆ ಇಡಬೇಕೆಂದು ಕಲಿಸಲು ಸುತ್ತಲ ತಾಲೂಕುಗಳಿಂದ ನಮ್ಮನ್ನು ಕರೆಸಿದ್ದರು. ನೀನು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಏನ್ರಮ್ಮ, ಬೇಗ ಯೋಳಿ, ನಂಗೆ ಊಟದ ಒತ್ತಾಯ್ತು" ಅಂದೆ. ನಾಗಮಂಗಲದವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನು ಗಟ್ಟಿಯಾಗಿ ಹೇಳಿದೆ: ಹೆತ್ತ ಮೇಲೆ ರಕ್ತ ನಿಲ್ಲದಿದ್ದರೆ ಕೊಡುವ ಇಂಜೆಕ್ಷನ್ನನ್ನು ನಾವೇ ಕೊಡಲು ಅನುಮತಿ ಬೇಕು, ಡಾಕ್ಟರು ಬರುವ ತನಕ ರಕ್ತ ಕಾಯುವುದಿಲ್ಲ. ನೀನು ಸಾಹೇಬರೆಂಬುದನ್ನೇ ಮರೆತು ಚಪ್ಪಾಳೆ ತಟ್ಟಿದೆ.

ಬೂಕನಕೆರೆಯಿಂದ ರಕ್ತ ನಿಲ್ಲದ ಬಾಣಂತಿ ರತ್ನಳನ್ನು ಟ್ರಾಕ್ಟರಿನಲ್ಲಿ ಕೆ.ಆರ್. ಪೇಟೆಗೆ ಸಾಗಿಸಿದ ದಿನವೇ ಅಲ್ಲವೇ ಈ ಬೇಡಿಕೆ ನಮ್ಮಲ್ಲಿ ಹುಟ್ಟಿದ್ದು? ದಾರಿಯುದ್ದಕ್ಕೂ ನೀನು ಅವಳ ಹೊಟ್ಟೆ ನೀವುತ್ತಾ ಕೂತಿದ್ದೆ, ನಾನು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೆ. ಆಸ್ಪತ್ರೆಯ ಗೇಟು ಕಾಣುವಾಗ ನಿನ್ನ ಕೈ ನಿಂತಿತು. ರತ್ನ ಹೋಗಿಬಿಟ್ಟಿದ್ದಳು. "ಸೂಜಿ ಚುಚ್ಚಕ್ಕೆ ಬತ್ತದೆ ಕಣೇ ಪದ್ಮ, ಆದ್ರೆ ಚುಚ್ಚಂಗಿಲ್ಲ" ಅಂದೆ. ಆಮೇಲೆ ಎಷ್ಟೋ ದಿನ ನೀನು ಸರಿಯಾಗಿ ಊಟವನ್ನೇ...

ಪಾಂಡವಪುರದ ಸಭೆಗೆ ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಹೋದೆವು. ನಿಜವಾದ ಸಾಹೇಬರು, ಜಿಲ್ಲೆಯ ಆರೋಗ್ಯಾಧಿಕಾರಿ, ಬಂದರು. ಒಳ್ಳೆಯ ಮನುಷ್ಯನೇ. "ಏನಾದ್ರೂ ತೊಂದ್ರೆ ಇದೆಯೇನಮ್ಮ?" ಎಂದು ಕೇಳಿದರು. ನಾವಿಬ್ಬರೂ ಸೇರಿ ಅಷ್ಟೂ ಜನ ದಡಬಡ ಎದ್ದು ನಿಂತು ಒಂದೇ ಉಸಿರಿಗೆ, "ಏನೂ ತೊಂದ್ರೆ ಇಲ್ಲ ಸಾರ್!" ತಪಾಸಣೆಗೆ ಬಂದವರಿಗೆಲ್ಲ ವರ್ಷಗಟ್ಟಲೆ ಕೊಟ್ಟ ಉತ್ತರ, ತಾನಾಗಿ ಬಾಯಿಗೆ ಬಂದುಬಿಟ್ಟಿತು. ಅವರು ಬಹಳ ಸಂತೋಷ ಎಂದು ಜೀಪು ಹತ್ತಿದರು. ಬಸ್‌ಸ್ಟ್ಯಾಂಡಿನಲ್ಲಿ ನೀನು ಮೊದಲು ನಕ್ಕೆ, ಆಮೇಲೆ ಅತ್ತೆ. "ಮುಂದಿನ್ ಸಭೇಲಿ ನಾ ಕೂತ್ಕಂಡೇ ಯೋಳ್ತೀನಿ ಬುಡು" ಅಂದೆ. ಆ ಸಭೆ ಬರುವ ಮೊದಲೇ ನಿನ್ನ ಎದೆ ಕೈಕೊಟ್ಟಿತಲ್ಲ ಅಕ್ಕಾ. ನನ್ನನ್ನು ಹೀಗೆ ಬಿಟ್ಟು ಹೋಗಲು ಏನವಸರವಿತ್ತು?

ಮೊನ್ನೆ ಸಭೆಯಲ್ಲಿ ಅದೇ ಸಾಹೇಬರು ಅದೇ ಪ್ರಶ್ನೆ ಕೇಳಿದಾಗ ನಾನು ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತೇ ಹೇಳಿದೆ. "ತೊಂದ್ರೆ ಅದೆ ಸಾರ್." ರತ್ನಳ ಹೆಸರನ್ನೂ ಹೇಳಿದೆ. ಇಂಜೆಕ್ಷನ್ನಿನ ಅನುಮತಿಯನ್ನೂ ಕೇಳಿದೆ. ಅವರು ಪೂರ್ತಿ ಕೇಳಿದರು. "ನೀವು ಹೇಳೋದು ಸರಿ ಕಣಮ್ಮ, ಆದರೆ ನನ್ನ ಕೈಯಲ್ಲಿಲ್ಲ. ಮೇಲಿಂದ ಆಗಬೇಕು" ಅಂದರು. ಆ 'ಮೇಲೆ' ಎಲ್ಲಿದೆ ಅಕ್ಕಾ? ಯಾವ ಬಸ್ಸು ಹತ್ತಿದರೆ ಅಲ್ಲಿಗೆ ಹೋಗಬಹುದು? ತರಬೇತಿಯಲ್ಲಿ ಅದನ್ನು ಯಾರೂ ಹೇಳಿಕೊಡಲಿಲ್ಲ. ನನಗೆ ದಿಕ್ಕೇ ತೋಚುತ್ತಿಲ್ಲ.

ನಿನ್ನೆ ನಿನ್ನ ಮಗಳು ಸವಿತಾ ಬಂದಿದ್ದಳು. ನಿನಗೆ ಗೊತ್ತಿಲ್ಲದ ಸುದ್ದಿ ಇದು: ಅವಳು ತುಂಬು ಬಸುರಿ. ದೊಡ್ಡಾಸ್ಪತ್ರೆಗೆ ಹೋಗೆಂದರೆ ಕೇಳುವುದಿಲ್ಲ, ಅಮ್ಮನ ಜೊತೆ ಕೆಲಸ ಮಾಡಿದವಳ ಕೈಯಲ್ಲೇ ಹೆರಿಗೆ ಆಗಬೇಕಂತೆ. ನಾನು ಹೊಟ್ಟೆ ಮುಟ್ಟಿ ನೋಡುತ್ತಿದ್ದಾಗ ನಿನ್ನವೇ ಆದ ಕಣ್ಣುಗಳನ್ನು ಅರಳಿಸಿ ಕೇಳಿದಳು. "ಚಿಕ್ಕವ್ವ, ಏನೂ ತೊಂದ್ರೆ ಇಲ್ಲ ತಾನೆ?"

"ಏನೂ ತೊಂದ್ರೆ ಇಲ್ಲ ಕಣವ್ವ" ಅಂದೆ.